ಮೂರನೇ ಪಿನ್ನು

ಗುರುವಾರ, ಬೆಳಗಿನ ಹತ್ತು ಗಂಟೆ

ಪ್ರೀತಿಯ ಅಣ್ಣ,

ಈ ಅಕ್ಷರ ಕಂಡ ಕೂಡಲೇ ನೀನು ಪತ್ರವನ್ನು ಮಡಿಸಿ ಗಿಟಾರಿನ ಪೆಟ್ಟಿಗೆಯ ಕೆಳಗೆ ತಳ್ಳಿಬಿಡಬಹುದು. ತಳ್ಳಬೇಡ. ನಾನು ಇಲ್ಲಿ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರುಮಾಡಬೇಕಿತ್ತು. ಎರಡೂ ಸುಳ್ಳಾಗುತ್ತಿತ್ತು. ನಾನು ಹೆದರಿದ್ದೇನೆ. ಎಷ್ಟು ಹೆದರಿದ್ದೇನೆಂದರೆ, ಪೆನ್ನಿನ ಕ್ಲಿಪ್ಪು ಲೋಹದ್ದೆಂದು ಅದನ್ನು ಕಿತ್ತುಹಾಕಿ ಬರೆಯುತ್ತಿದ್ದೇನೆ. ನಗು ಬಂದರೆ ನಗು. ನೀನು ನಕ್ಕು ಹನ್ನೊಂದು ತಿಂಗಳಾಯಿತೆಂದು ಅಮ್ಮ ಹೇಳುತ್ತಿದ್ದಳು.

ನಾಡಿದ್ದು ಶನಿವಾರ ಸಂಜೆ ಆರಕ್ಕೆ ನನ್ನ ಆಲ್ಬಮ್ಮಿನ ಬಿಡುಗಡೆ. ನಾನೂರು ಕುರ್ಚಿಗಳ ಸಭಾಂಗಣ. ಬ್ಯಾಂಡ್ ಬಿಟ್ಟ ಮೇಲೆ ಮೊದಲ ಸಲ ಒಬ್ಬಳೇ ವೇದಿಕೆ ಹತ್ತಬೇಕು. ಎಂಟು ಹಾಡು, ಎಂಟೂ ಪ್ರಾರ್ಥನೆ. ನಿನ್ನೆ ತಾಲೀಮಿನಲ್ಲಿ ಬಾಯಿ ತೆರೆದೆ, ದನಿ ಬರಲಿಲ್ಲ. ಗಂಟಲು ಕಟ್ಟಿಲ್ಲ, ನೆಗಡಿ ಇಲ್ಲ, ಜ್ವರ ಇಲ್ಲ. ಬರೀ ಗಾಳಿ ಬಂತು. ಮೂರು ಸಲ ಪ್ರಯತ್ನಿಸಿದೆ. ನನ್ನನ್ನು ರೆಕಾರ್ಡ್ ಮಾಡಿದ ಸ್ಟುಡಿಯೋದ ಒಡತಿ, ನಾನು ಅಕ್ಕ ಎನ್ನುವವಳು, ಗಾಜಿನ ಆಚೆಯಿಂದ ನಗುತ್ತಾ, “ಏನು, ದೇವರು ಇವತ್ತು ರಜಾ ಹಾಕಿದ್ದಾನಾ?” ಎಂದಳು. ನಾನೂ ನಕ್ಕೆ. ಆಮೇಲೆ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತೆ.

ಒಂದು ಮಾತನ್ನು ಶನಿವಾರದೊಳಗೆ ಇಬ್ಬರಿಗೆ ಹೇಳದಿದ್ದರೆ ನಾನು ಇನ್ನು ಹಾಡಲಾರೆ. ಆ ಇಬ್ಬರಲ್ಲಿ ಒಬ್ಬ ನೀನು. ಇನ್ನೊಬ್ಬರ ಹೆಸರೆತ್ತಬೇಡ ಎಂದು ನೀನೇ ಅಪ್ಪಣೆ ಮಾಡಿದ್ದೀಯ. ಎತ್ತುತ್ತೇನೆ, ಸ್ವಲ್ಪ ತಾಳು.

ಮೊದಲು ನಿನ್ನ ಕಾರ್ಡಿಗೆ ಉತ್ತರ. ಬಂದು ಮೂರು ವಾರವಾಯಿತು. “ನಿನ್ನ ದೇವರನ್ನ ಕೇಳು, ನನ್ನ ಎರಡು ಬೆರಳು ಯಾವಾಗ ವಾಪಸ್ ಕೊಡ್ತಾನೆ ಅಂತ. ಕೊಡೋ ದಿನ ಹೇಳು, ಚಪ್ಪಾಳೆ ಹೊಡೆಯೋಕೆ ಬರ್ತೀನಿ.” ಅಕ್ಷರ ನೆಟ್ಟಗಿತ್ತು, ಮಾತು ಮಾತ್ರ ಓರೆ. ಅದನ್ನು ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದೇನೆ. ದಿನಾ ತಲೆ ಬಾಚುವಾಗ ಓದುತ್ತೇನೆ. ನಿನಗೆ ಸಿಟ್ಟು ಬರುವುದು ನ್ಯಾಯ. ಯಾರ ಮೇಲೆ ಬರಬೇಕೆಂಬುದು ಮಾತ್ರ ನಿನಗೆ ಗೊತ್ತಿಲ್ಲ.

ನಾನು ಹೇಗಿದ್ದೆ ಎನ್ನುವುದನ್ನು ನಿನಗಿಂತ ಚೆನ್ನಾಗಿ ಯಾರು ಬಲ್ಲರು? ಅಪ್ಪ ಮುದ್ರಣಾಲಯದಲ್ಲಿ ಕಾಗದ ಕತ್ತರಿಸುತ್ತಿದ್ದ. ಕೆಟ್ಟ ಹಾಳೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದ, ಅಮ್ಮ ಅವನ್ನು ಅಡುಗೆಮನೆಯ ಕಪಾಟಿಗೆ ಹಾಸುತ್ತಿದ್ದಳು. ಡಬ್ಬಿ ಎತ್ತಿದರೆ ಒಂದು ಕರಪತ್ರ, ಲೋಟ ಎತ್ತಿದರೆ ಇನ್ನೊಂದು. ಕಾರ್ಮಿಕರ ಕೂಗು, ನೀರಿನ ಹಕ್ಕು, ದೇವರಿಲ್ಲವೆನ್ನುವವರದು, ದೇವರಿದ್ದಾನೆನ್ನುವವರದು. ಶಾಲೆ ನನಗೆ ಕಲಿಸಿದ್ದು ಕಡಿಮೆ, ಆ ಕಪಾಟು ಕಲಿಸಿದ್ದು ಹೆಚ್ಚು. ‘ದೇವರಿಗೆ ಹತ್ತು ಪ್ರಶ್ನೆ’ ಎನ್ನುವ ಒಂದನ್ನು ನಾನು ಎಣ್ಣೆ ಕಲೆಯ ಸಮೇತ ಬಾಯಿಪಾಠ ಮಾಡಿದ್ದೆ. ಏಳೇ ಪ್ರಶ್ನೆ ಇತ್ತು, ಉಳಿದ ಮೂರು ಅಪ್ಪನ ಕತ್ತರಿಯ ಪಾಲಾಗಿದ್ದವು. “ಏಳು ಸಾಕು ಬಿಡೆ, ಸಿಡುಕಿ, ಪಾಪ ಅವನಿಗೂ ವಯಸ್ಸಾಗಿದೆ” ಎಂದಿದ್ದೆ ನೀನು. ಆ ಏಳನೆಯದನ್ನೇ ಅಲ್ಲವೆ ನಾವು ಹಾಡು ಮಾಡಿದ್ದು? “ದೇವರೇ, ನೀನು ಇರುವುದಾದರೆ, ಹೆದರಿದವರ ಹತ್ತಿರ ಮಾತ್ರ ಯಾಕೆ ಬರುತ್ತೀಯ?” ಮೊದಲ ಸಾಲು ನಾನು ಒಬ್ಬಳೇ ಪಿಸುಗುಡಬೇಕು. ವಾದ್ಯವಿಲ್ಲ, ತಾಳವಿಲ್ಲ. ಎರಡನೇ ಸಾಲಿಗೆ ನೀನು ಗಿಟಾರಿನೊಂದಿಗೆ ಮೈಕಿಗೆ ಬರಬೇಕು. ಜನ ಆ ಪಿಸುಮಾತಿಗೆ ಉಸಿರು ಬಿಗಿಹಿಡಿಯುತ್ತಿದ್ದರು. ಆ ಮೌನ ನನ್ನ ಹೆಮ್ಮೆಯಾಗಿತ್ತು. ಈ ಹೆಮ್ಮೆಯನ್ನು ನೆನಪಿಟ್ಟುಕೋ, ಅಣ್ಣ. ಮುಂದೆ ಬೇಕಾಗುತ್ತದೆ.

ಈಗ ಎಲ್ಲರಿಗೂ ಗೊತ್ತಿರುವ ಕಥೆ. ಅಣ್ಣನಿಗೆ ವೇದಿಕೆಯ ಮೇಲೆ ಕರೆಂಟು ಹೊಡೆಯಿತು. ತಂಗಿ ಆಸ್ಪತ್ರೆಯಲ್ಲಿ ಪ್ರಾರ್ಥಿಸಿದಳು. ಅಣ್ಣ ಉಳಿದ. ನಾಸ್ತಿಕಳು ಭಕ್ತಳಾದಳು, ಬ್ಯಾಂಡ್ ಬಿಟ್ಟಳು. ಇದನ್ನು ನಾನು ಎರಡು ಪತ್ರಿಕೆಗಳಿಗೂ ಒಂದು ರೇಡಿಯೋಗೂ ಹೇಳಿದ್ದೇನೆ. ಅಮ್ಮ ಆ ಪತ್ರಿಕೆಯ ತುಂಡನ್ನು ಕಪಾಟಿಗೆ ಹಾಸದೆ ಚೌಕಟ್ಟು ಹಾಕಿಸಿದ್ದಾಳೆ. ಡ್ರಮ್ಮಿನ ದಪ್ಪಣ್ಣ ಮಾತ್ರ, “ಸಿಡುಕಿ ಸಂತಳಾದಳಂತೆ, ಇನ್ನು ನಮ್ಮ ಬೆಕ್ಕೂ ಹಾಲು ಬಿಡುತ್ತೆ ನೋಡು” ಎಂದು ಊರೆಲ್ಲ ಹೇಳಿಕೊಂಡು ತಿರುಗಿದನಂತೆ. ಆ ಬೆಕ್ಕಿನ ವಿಷಯದಲ್ಲಿ ಅವನು ಹೇಳಿದ್ದೇ ಸರಿ.

ಆ ಕಥೆಯಲ್ಲಿ ಒಂದೂ ಸುಳ್ಳಿಲ್ಲ. ಬಿಟ್ಟದ್ದು ಮಾತ್ರ ಇದೆ.

ಆಸ್ಪತ್ರೆಯ ನಾಲ್ಕನೇ ಮಹಡಿ. ಮರುದಿನ ಬೆಳಗಿನ ಏಳು ಗಂಟೆ. ನಿನ್ನ ಎದೆ ಎರಡು ಸಲ ನಿಂತು ಹೊರಟಿದೆ, ಮೂರನೇ ಸಲ ನಿಂತರೆ ಹೇಳಲಾಗದು ಎಂದು ಡಾಕ್ಟರ್ ಅಮ್ಮನಿಗೆ ಹೇಳಿ ಒಳಗೆ ಹೋದರು. ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಬಲಗೈ ಮುಷ್ಟಿಯಾಗಿತ್ತು. ಅದರಲ್ಲಿ ಏನಿತ್ತೆಂದು ಆಮೇಲೆ ಹೇಳುತ್ತೇನೆ. ನೆಲ ಒರೆಸುವ ಹೆಂಗಸು ಬಂದು, “ಕಾಲು ಎತ್ತಮ್ಮ” ಎಂದಳು. ಎತ್ತಿದೆ. ಎತ್ತಿದ ಕಾಲನ್ನು ಇಳಿಸುವ ಮೊದಲೇ ನನ್ನ ಪ್ರಾರ್ಥನೆ ಮುಗಿದಿತ್ತು. ಇವನನ್ನು ಉಳಿಸು, ಇನ್ನು ಮುಂದೆ ನಿನ್ನನ್ನೇ ಹಾಡುತ್ತೇನೆ. ಅಷ್ಟೇ. ಮಧ್ಯಾಹ್ನ ನೀನು ಕಣ್ಣು ಬಿಟ್ಟೆ, ದಪ್ಪಣ್ಣನನ್ನು ನೋಡಿ, “ತಾಳ ತಪ್ಪಿದೆಯಲ್ಲೋ” ಎಂದೆ.

ನಂಬಿಕೆ ನಿಜವೋ ನಾಟಕವೋ ಎಂದು ನೀನು ಕೇಳಿದ್ದೆ. ನಿಜ, ಅಣ್ಣ. ಯಾರೋ ಕೇಳಿಸಿಕೊಂಡರು. ಅದೇ ನನ್ನ ಭಯ. ಕೇಳಿಸಿಕೊಂಡವರಿಗೆ ನನ್ನ ಮುಷ್ಟಿಯೂ ಕಂಡಿರಬೇಕಲ್ಲ?

ಆಲ್ಬಮ್ಮಿನ ವಿಚಾರ ಹೇಳುತ್ತೇನೆ, ನಿನಗೆ ಕೆಲಸದ ಮಾತು ಇಷ್ಟ. ಸ್ಟುಡಿಯೋದಲ್ಲಿ ನಾನು ಮೈಕಿಗೆ ನಾಲ್ಕು ಬೆರಳು ದೂರ ನಿಂತೆ. ಮೈಕಿನ ಕಂಬಕ್ಕೆ ಕೈ ತಾಕಿಸಲಿಲ್ಲ. ಹೆಡ್‌ಫೋನನ್ನು ಹತ್ತಿಯ ಟೋಪಿಯ ಮೇಲೆ ಹಾಕಿಕೊಂಡೆ. ರಬ್ಬರ್ ಚಪ್ಪಲಿ ಬಿಡಲಿಲ್ಲ. ಮೊದಲ ಹಾಡು ಮುಗಿದಾಗ ಸ್ಟುಡಿಯೋದ ಅಕ್ಕ ಕಣ್ಣೊರೆಸಿಕೊಂಡು ಬಂದಳು. “ಈ ನಡುಕ ಎಲ್ಲಿಂದ ತಂದೆಯೇ? ಅಷ್ಟು ದೂರ ನಿಂತು, ಮುಟ್ಟೋಕೂ ಅಂಜಿ ಹಾಡ್ತೀಯಲ್ಲ, ಭಕ್ತಿ ಅಂದ್ರೆ ಇದು. ಹೀಗೇ ಇಟ್ಟುಬಿಡೋಣ” ಎಂದಳು. ಇಟ್ಟುಬಿಟ್ಟರು. ಎಂಟು ಹಾಡಿನಲ್ಲೂ ಅದೇ ನಡುಕ. ಕೇಳಿದವರೆಲ್ಲ ಅದನ್ನೇ ಹೊಗಳುತ್ತಾರೆ. ಅದು ಭಕ್ತಿಯಲ್ಲ, ಮೈಕ್ ಹೊಡೆಯುತ್ತದೆಂಬ ಭಯ ಎಂದು ಯಾರಿಗೆ ಹೇಳಲಿ? ಕರಪತ್ರ ಓದಿಕೊಂಡು ಬೆಳೆದವಳು ನಾನು. ಸುಳ್ಳು ಕಂಡಲ್ಲಿ ಬೆರಳು ತೋರಿಸುವುದೇ ನನ್ನ ಕಸುಬು ಎಂದು ಬೀಗಿದವಳು. ಈಗ ನನ್ನದೇ ಸುಳ್ಳು ಅಚ್ಚಾಗಿ, ಹೊದಿಕೆ ಹಾಕಿಸಿಕೊಂಡು, ಸಾವಿರ ಪ್ರತಿಯಾಗಿ ಅಂಗಡಿಗೆ ಹೊರಟಿದೆ.

ಇನ್ನು ಆ ಇನ್ನೊಬ್ಬರು. ತಂತಿ ಮಾಮ.

ಪತ್ರ ಹರಿಯಬೇಡ. ಆರು ವರ್ಷ ನಮ್ಮ ಮೈಕು, ಸ್ಪೀಕರು, ತಂತಿಗಳನ್ನೆಲ್ಲ ಮಕ್ಕಳಂತೆ ನೋಡಿಕೊಂಡ ಮನುಷ್ಯ ಅವರು. ಆ ದಿನ ನಿನ್ನ ಆಂಪ್ಲಿಫೈಯರಿನ ಪ್ಲಗ್ಗಿನಲ್ಲಿ ಮೂರು ಪಿನ್ನಿನ ಬದಲು ಎರಡೇ ಇದ್ದವು, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಪಿನ್ನು ಇರಲಿಲ್ಲ ಎಂದು, ನಾವು ಹಾಡಿದ ಕ್ಲಬ್ಬಿನ ಮ್ಯಾನೇಜರ್ ಎಲ್ಲರ ಮುಂದೆ ಎತ್ತಿ ತೋರಿಸಿದ. ತಂತಿಯ ಹೊಣೆ ಮಾಮನದು, ಆದ್ದರಿಂದ ತಪ್ಪೂ ಮಾಮನದು. ನೀನು ಹಾಸಿಗೆಯಿಂದಲೇ, “ಆ ಮುದುಕ ನನ್ನ ಕೈ ತಿಂದ. ಅವನಿಗೆ ಯಾರೂ ಕೆಲಸ ಕೊಡಬಾರದು” ಎಂದೆ. ನಿನ್ನ ಮಾತು ನಡೆಯಿತು. ಮೂವತ್ತೊಂದು ವರ್ಷದ ಕಸುಬು ಒಂದು ವಾರದಲ್ಲಿ ಮುಗಿಯಿತು. ಈಗ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಕೂತು ಇಸ್ತ್ರಿಪೆಟ್ಟಿಗೆ, ಮಿಕ್ಸಿ ರಿಪೇರಿ ಮಾಡುತ್ತಾರೆ.

ಶನಿವಾರದ ಕಾರ್ಯಕ್ರಮಕ್ಕೆ ತಂತಿ ಕೆಲಸ ಅವರಿಗೇ ಕೊಡಬೇಕೆಂದು ನಾನು ಹಟ ಹಿಡಿದೆ. ಸ್ಟುಡಿಯೋದ ಅಕ್ಕ ನನ್ನ ಕ್ಷಮಾಗುಣವನ್ನು ಮೆಚ್ಚಿಕೊಂಡಳು. ಕ್ಷಮೆ! ಅದು ಲಂಚ, ಅಣ್ಣ. ಮಾಮನಿಗೆ ಕೆಲಸ ಕೊಟ್ಟರೆ ನನ್ನ ನಿದ್ದೆ ನನಗೆ ವಾಪಸ್ ಬರಬಹುದೆಂದು ಕೊಟ್ಟ ಲಂಚ.

ಮೊನ್ನೆ ಮಂಗಳವಾರ ಮಾಮ ಸಭಾಂಗಣಕ್ಕೆ ಬಂದರು. ಅದೇ ಕಂದು ಚೀಲ, ಕೂದಲು ಪೂರ್ತಿ ಬೆಳ್ಳಗೆ. ಕೈಯಲ್ಲಿ ಟೆಸ್ಟರ್ ಹಿಡಿದು ಒಂದೊಂದೇ ಪ್ಲಗ್ಗನ್ನು ಕಿತ್ತು, ಪಿನ್ನು ಎಣಿಸಿ, ಮತ್ತೆ ಹಾಕಿದರು. ಕೊನೆಯದನ್ನು ಮುಗಿಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಮೂರನೇ ಸುತ್ತಿಗೆ ಕುರ್ಚಿ ಜೋಡಿಸುತ್ತಿದ್ದವನೊಬ್ಬ, “ಏನು ತಾತ, ಪ್ಲಗ್ಗುಗಳ ಹಾಜರಿ ತಗೋತಾ ಇದೀಯಾ?” ಎಂದು ಕೂಗಿದ. ಮಾಮ ತಲೆ ಎತ್ತದೆ, “ಹೂಂ ಕಣಪ್ಪ. ಒಂದು ಸಲ ಒಬ್ಬ ಗೈರುಹಾಜರಾಗಿದ್ದ” ಎಂದರು. ಅವನು ನಕ್ಕ. ನಾನು ಕುರ್ಚಿಗಳ ಕಡೆ ತಿರುಗಿಕೊಂಡೆ.

ಆಮೇಲೆ ಅವರು ನನ್ನ ಹತ್ತಿರ ಬಂದು ವೇದಿಕೆಯ ಅಂಚಿನಲ್ಲಿ ಕೂತರು. ಮೊದಲಿನ ಹಾಗೆಯೇ ಪುಟ್ಟಿ ಎಂದರು. “ಪುಟ್ಟೀ, ನೀನೀಗ ದೇವರ ಕಡೆಯವಳು. ನನ್ನ ಮಾತು ಅವನಿಗೆ ಕೇಳಿಸುತ್ತೋ ಇಲ್ವೋ. ನೀನು ಹಾಡೋವಾಗ ನನ್ನದೂ ಒಂದು ಮಾತು ಸೇರಿಸ್ತೀಯಾ? ಮುದುಕ ಬೇಕು ಅಂತ ಮಾಡಿಲ್ಲ, ಮರೆತು ಮಾಡಿದ್ದು ಅಂತ.”

ಮಾಮ, ನೀವು ತೆಗೆದದ್ದು ನಿಮಗೆ ನೆನಪಿದೆಯಾ ಎಂದು ಕೇಳಿದೆ.

“ಇಲ್ಲ ಕಣಮ್ಮ. ಅದೇ ಹೆದರಿಕೆ ನಂಗೆ. ಮೊದಮೊದಲು ನಾನು ತೆಗೆದಿಲ್ಲ ಅಂತ ಜಗಳ ಆಡ್ದೆ. ಆಮೇಲೆ ಯೋಚನೆ ಮಾಡ್ದೆ, ನಾನಲ್ಲದೆ ಇನ್ಯಾರು ಮುಟ್ಟುತ್ತಾರೆ ಅದನ್ನ? ನಾನೇ ತೆಗೆದು ಮರೆತಿದೀನಿ. ಹಾಗಾದ್ರೆ ಈ ಕೈ ನಂಗೆ ಗೊತ್ತಿಲ್ಲದೆ ಇನ್ನೂ ಏನೇನು ಮಾಡಿದೆಯೋ! ಈಗ ಒಲೆ ಆರಿಸಿದ ಮೇಲೆ ಹೆಂಡತೀನ ಕರೆದು ನೋಡು ಅಂತೀನಿ. ಮೊಮ್ಮಗಳನ್ನ ಎತ್ತಿಕೊಳ್ಳಲ್ಲ. ಎಲ್ಲಾದ್ರೂ ಇಟ್ಟು ಮರೆತರೆ?”

ಅವರು ನಗುತ್ತಲೇ ಹೇಳಿದರು. ಆ ನಗು ಸಾಯುವವರೆಗೂ ನನ್ನನ್ನು ಬಿಡುವುದಿಲ್ಲ.

ನಾನು ಏನು ಹೇಳಿದೆ ಗೊತ್ತೆ? “ಹೇಳ್ತೀನಿ ಮಾಮ, ನಿಮ್ಮ ಪರವಾಗಿ ಕೇಳ್ಕೋತೀನಿ” ಎಂದೆ. ಅವರು ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಮರುದಿನ ನನ್ನ ದನಿ ಹೋಯಿತು.

ಅಣ್ಣ, ಇಲ್ಲಿಗೆ ಬಂದು ಪೆನ್ನು ಕೆಳಗಿಟ್ಟು ಮುಖ ತೊಳೆದು ಬಂದೆ. ಕಿಟಕಿಯ ಆಚೆ ಯಾರೋ ಜಮಖಾನ ಬಡಿಯುತ್ತಿದ್ದಾರೆ. ಪ್ರತಿ ಏಟಿಗೂ ಬೆಚ್ಚುತ್ತಿದ್ದೇನೆ. ಇನ್ನು ತಡಮಾಡಿದರೆ ಈ ಪತ್ರವೂ ಕಪಾಟಿನ ಕಾಗದವಾಗುತ್ತದೆ.

ಆ ದಿನದ ನೆನಪು ನಿನಗೆ ಅರ್ಧವೂ ಇಲ್ಲವೆಂದು ಡಾಕ್ಟರ್ ಹೇಳಿದ್ದರು. ಉಳಿದದ್ದನ್ನು ನಾನು ಹೇಳುತ್ತೇನೆ.

ಕ್ಲಬ್ಬಿನ ಬಾಗಿಲನ್ನು ಜನರಿಗೆ ತೆರೆಯಲು ಇಪ್ಪತ್ತು ನಿಮಿಷ ಇತ್ತು. ನಿನ್ನ ಆಂಪಿನಿಂದ ಗುಂಯ್ ಎನ್ನುವ ಸದ್ದು. ಹಾಡಿನ ಗದ್ದಲದಲ್ಲಿ ಅದು ಯಾರಿಗೂ ಕೇಳಿಸುತ್ತಿರಲಿಲ್ಲ. ನನ್ನ ಪಿಸುಮಾತಿನಲ್ಲಿ ಮಾತ್ರ ಕೇಳುತ್ತಿತ್ತು. ನನ್ನ ಮೌನದೊಳಗೆ ಒಂದು ಜೀರುಂಡೆ ಕೂತಂತೆ. ಮಾಮನಿಗೆ ಹೇಳಿದೆ. “ಅರ್ಧ ಗಂಟೆ ಕೊಡು ಪುಟ್ಟಿ, ಎಲ್ಲಾ ತಂತೀನೂ ಒಂದೇ ಬೋರ್ಡಿಗೆ ತರ್ತೀನಿ, ಹೋಗುತ್ತೆ” ಎಂದರು. ಅಷ್ಟು ಹೊತ್ತಿಲ್ಲ, ಅರ್ತಿಂಗ್ ಪಿನ್ನು ತೆಗೆದರೆ ಆಯಿತಲ್ಲ ಎಂದೆ. ಅವರು ನನ್ನ ತಲೆಗೆ ಮೊಟಕಿದರು. “ಅದನ್ನ ತೆಗೆದ್ರೆ ಗುಂಯ್ ನಿಲ್ಲುತ್ತೆ. ಆಮೇಲೆ ಒಂದು ದಿನ ಎದೆ ಬಡಿತಾನೂ ನಿಲ್ಲುತ್ತೆ. ಯಾವುದು ಬೇಕು ಆರಿಸ್ಕೋ” ಎಂದು ಹೇಳಿ ಉದ್ದದ ತಂತಿ ತರಲು ವ್ಯಾನಿಗೆ ಹೋದರು.

ನಾನು ಆರಿಸಿಕೊಂಡೆ.

ನೀನು ಗಿಟಾರಿನ ತಂತಿ ಕತ್ತರಿಸುವ ಸಣ್ಣ ಚಾಕು ಆಂಪಿನ ಮೇಲೆಯೇ ಇತ್ತು. ಪ್ಲಗ್ಗನ್ನು ಕಿತ್ತು ಅದರ ಎರಡು ಸ್ಕ್ರೂ ಬಿಚ್ಚಿದೆ, ಮೇಲಿನ ದಪ್ಪ ಪಿನ್ನನ್ನು ಎಳೆದೆ, ಹಸಿರು ತಂತಿಯನ್ನು ಒಳಗೆ ಮಡಿಸಿ ಮುಚ್ಚಿ ಮತ್ತೆ ಸಿಕ್ಕಿಸಿದೆ. ಒಂದು ನಿಮಿಷದ ಕೆಲಸ. ಗುಂಯ್ ನಿಂತಿತು. ಅಬ್ಬಾ, ಎಂಥ ಮೌನ! ಖುಷಿಯಿಂದ ಪಿನ್ನನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ. ಮಾಮ ತಂತಿ ಹೊತ್ತು ಬಂದು, “ಅರೆ, ತಾನಾಗೇ ಹೋಯ್ತಾ?” ಎಂದರು. ಹೂಂ ಮಾಮ, ತಾನಾಗೇ ಹೋಯಿತು ಎಂದೆ. ಅವರು ನನ್ನನ್ನು ನಂಬಿದರು, ಹಿಂದೆ ಬಗ್ಗಿ ನೋಡಲಿಲ್ಲ.

ನಾನು ಪಿಸುಗುಟ್ಟಿದೆ. ಜನ ಉಸಿರು ಬಿಗಿಹಿಡಿದರು. ನೀನು ಮುಂದೆ ಬಂದೆ. ಎಡಗೈ ತಂತಿಗಳ ಮೇಲೆ, ತುಟಿ ಮೈಕಿಗೆ ತಾಗಿತು. ನೀನು ಹಾಗೇ ನಿಂತುಬಿಟ್ಟೆ. ಬಾಯಿ ತೆರೆದೇ ಇತ್ತು, ಕೈ ಗಿಟಾರನ್ನು ಬಿಡುತ್ತಿರಲಿಲ್ಲ. ಜನ ಅದನ್ನು ಅಭಿನಯವೆಂದುಕೊಂಡು ಚಪ್ಪಾಳೆ ಹೊಡೆದರು. ಅಣ್ಣ, ನಾನೂ ಹಾಗೇ ಅಂದುಕೊಂಡೆ. ನಿನ್ನನ್ನು ನೋಡಿ ನಕ್ಕೆ. ಮೊದಲು ಅರ್ಥವಾದದ್ದು ಮಾಮನಿಗೆ. ಮೇಜು ಉರುಳಿಸಿಕೊಂಡು ಓಡಿ ಮೇನ್ ಸ್ವಿಚ್ಚು ಎಳೆದರು. ಕತ್ತಲಲ್ಲಿ ನೀನು ಬಿದ್ದ ಸದ್ದು ಕೇಳಿತು. ನಿನ್ನ ಎದೆಯನ್ನು ಒತ್ತಿ ಒತ್ತಿ ಆಂಬುಲೆನ್ಸು ಬರುವವರೆಗೆ ಹಿಡಿದಿಟ್ಟವರೂ ಅವರೇ. ನಿನ್ನ ಕೈ ತಿಂದವರೆಂದು ನೀನು ಬೈಯುವ ಮನುಷ್ಯ ನಿನ್ನ ಜೀವ ಉಳಿಸಿದವರು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದೆ, ಪಿನ್ನು ಸಿಕ್ಕಿತು. ಮುಷ್ಟಿಯಲ್ಲಿ ಇದ್ದದ್ದು ಅದು. ಅದನ್ನು ಹಿಡಿದುಕೊಂಡೇ ನಾನು ಪ್ರಾರ್ಥಿಸಿದ್ದು. ಆ ಕ್ಷಣಕ್ಕೆ ದೇವರು ಬೇಡಬಹುದಾಗಿದ್ದದ್ದು ಒಂದೇ, ಮುಷ್ಟಿ ಬಿಚ್ಚು ಎಂದು. ಅದನ್ನು ಅವನು ಕೇಳುವ ಮೊದಲೇ ನಾನು ಹಾಡು ಕೊಡುತ್ತೇನೆಂದು ಬಾಯಿ ಹಾಕಿದೆ. ಹಾಡುವುದು ನನಗೆ ಸುಲಭ, ಇಷ್ಟ. ಕಷ್ಟದ್ದನ್ನು ಬಚ್ಚಿಟ್ಟು ಇಷ್ಟದ್ದನ್ನು ಕೊಟ್ಟು ಭಕ್ತಳಾದೆ. ಬ್ಯಾಂಡ್ ಬಿಟ್ಟದ್ದೂ ದೇವರಿಗಾಗಿ ಅಲ್ಲ. ನಿನ್ನ ಎರಡು ಬೆರಳು ಸ್ಪರ್ಶವಿಲ್ಲದೆ ತಂತಿಯ ಮೇಲೆ ಜಾರುವುದನ್ನು ನೋಡಿಕೊಂಡು ನಿನ್ನ ಪಕ್ಕ ನಿಲ್ಲಲಾರದೆ ಓಡಿಹೋದೆ.

ಪಿನ್ನು ತೆಗೆಯುವುದನ್ನು ನೀನೇ ಕಲಿಸಿದ್ದೆ, ಬಟ್ಟೆ ಒಗೆಯುವ ಕೋಣೆಯಲ್ಲಿ ನಾವು ಅಭ್ಯಾಸ ಮಾಡುತ್ತಿದ್ದಾಗ. ನಿನ್ನ ಮೇಲೆ ಹೊರೆ ಜಾರಿಸಲು ಇದನ್ನು ಹೇಳುತ್ತಿಲ್ಲ. ಜೊತೆಗೆ ಒಂದು ನಿಯಮವನ್ನೂ ಕಲಿಸಿದ್ದೆ. “ತೆಗೆದವರೇ ಹಾಕಬೇಕು, ಹಾಕೋ ತನಕ ಎದ್ದು ಹೋಗಬಾರದು” ಎಂದು ಪಿನ್ನನ್ನು ಬೆಂಕಿಪೊಟ್ಟಣದಲ್ಲಿಟ್ಟು ಕಣ್ಣೆದುರು ಇಟ್ಟುಕೊಳ್ಳುತ್ತಿದ್ದೆ. ನಾನು ಎದ್ದು ಹೋದೆ. ಹನ್ನೊಂದು ತಿಂಗಳಿಂದ ಎದ್ದು ಹೋಗುತ್ತಲೇ ಇದ್ದೇನೆ.

ಈಗ ನನಗಿರುವ ಭಯಗಳನ್ನು ಹೇಳಲೆ? ನೀನು ಇದನ್ನು ಓದಿ ಸುಮ್ಮನಾಗುತ್ತೀಯೆಂಬ ಭಯ, ಅದೇ ದೊಡ್ಡದು. ಬೈದರೆ ಬದುಕಿಕೊಳ್ಳುತ್ತೇನೆ. ಅಮ್ಮ ಆ ಚೌಕಟ್ಟನ್ನು ಗೋಡೆಯಿಂದ ಇಳಿಸುವಾಗ ಮೊಳೆಯ ಗುರುತು ಉಳಿಯುತ್ತದಲ್ಲ, ಅದರ ಭಯ. ಪೊಲೀಸರ ಭಯ. ಎಲ್ಲದಕ್ಕಿಂತ ಮೊದಲು, ಮಾಮನ ಮೆಟ್ಟಿಲ ಕೆಳಗೆ ಬಗ್ಗಿ ನಿಂತು ಬಾಯಿ ತೆರೆಯುವ ಆ ಮೊದಲ ಕ್ಷಣದ ಭಯ. ಸುಳ್ಳು ಹೊತ್ತ ಪ್ರಾರ್ಥನೆಗಿಂತ ನಿಜ ಹೇಳುವ ಬೈಗುಳ ಮೇಲು. ಇದು ಯಾವ ಕರಪತ್ರದಲ್ಲೂ ಇಲ್ಲ, ನಾನೇ ಈಗ ಬರೆದದ್ದು. ಬರೆಯುವುದು ಸುಲಭವೇ. ಹೋಗಿ ಹೇಳುವುದು ಕಷ್ಟ.

ಪಿನ್ನನ್ನು ಈ ಲಕೋಟೆಯಲ್ಲಿಯೇ ಇಟ್ಟಿದ್ದೇನೆ. ಹಿತ್ತಾಳೆಯದು, ನಿನ್ನ ಕಿರುಬೆರಳಿನ ಅರ್ಧದಷ್ಟು. ಯಾರಿಗೆ ಬೇಕಾದರೂ ತೋರಿಸು.

ಕ್ಷಮಿಸು ಎಂದು ಕೇಳುವುದಿಲ್ಲ. ಆ ಪದವನ್ನು ಎಂಟು ಹಾಡಿನಲ್ಲಿ ಸವೆಸಿಬಿಟ್ಟಿದ್ದೇನೆ.

ನಿನ್ನ ಜೊತೆ ಒಗೆಯುವ ಕೋಣೆಯಲ್ಲಿ ಹಾಡು ಕಲಿತವಳು,
ಸಿಡುಕಿ

ಶುಕ್ರವಾರ, ಮಧ್ಯಾಹ್ನ

ತಾ.ಕ: ನಿನ್ನೆ ಇದನ್ನು ಅಂಚೆಗೆ ಹಾಕಲಿಲ್ಲ. ಮಾಮನಿಗೆ ಹೇಳುವ ಮೊದಲು ನಿನಗೆ ಹೇಳುವುದು ತಪ್ಪೆನಿಸಿತು. ಇವತ್ತು ಬೆಳಿಗ್ಗೆ ಮೆಟ್ಟಿಲ ಕೆಳಗಿನ ಅಂಗಡಿಗೆ ಹೋದೆ. ಬಾಯಿಂದ ಹೇಳಲಾಗದೆ ಈ ಪತ್ರವನ್ನೇ ಅವರಿಗೆ ಓದಿದೆ. ಅವರ ಬಗ್ಗೆ ನೀನು ಆಡಿದ ಮಾತನ್ನೂ ಬಿಡದೆ ಓದಿದೆ.

ಮುಗಿಸಿದ ಮೇಲೆ ಅವರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು, ಯಾರೋ ಕಳೆದುಹೋದ ವಸ್ತುವನ್ನು ತಂದುಕೊಟ್ಟಂತೆ. ಆಮೇಲೆ, “ಹಾಗಾದ್ರೆ ನಾನು ಮರೆತಿರಲಿಲ್ಲ?” ಎಂದು ಕೇಳಿದರು. ಇಲ್ಲ ಮಾಮ ಎಂದೆ. “ಇನ್ನೊಂದು ಸಲ ಹೇಳು” ಎಂದರು. ಹೇಳಿದೆ. ಮೂರನೇ ಸಲವೂ ಹೇಳಿಸಿದರು. ಆಮೇಲೆ ನನಗೆ ಬೆನ್ನು ತಿರುಗಿಸಿ ಕೂತು, “ಹೊರಗೆ ನಿಂತಿರು, ನಿನ್ನ ಮುಖ ನೋಡೋಕಾಗ್ತಿಲ್ಲ ನಂಗೆ” ಎಂದರು. ರಸ್ತೆಯಲ್ಲಿ ನಿಂತೆ. ಒಂದು ಗಂಟೆಗೂ ಮೇಲೆ. ಓಡಿಹೋಗಲಿಲ್ಲ, ಅಣ್ಣ.

ಅವರೇ ಕರೆದರು. ಒಳಗೆ ಮೂಲೆಯ ಗೋಣಿಚೀಲ ಸರಿಸಿದರು. ಅಡಿಯಲ್ಲಿ ನಿನ್ನ ಆಂಪು ಇತ್ತು! ಕ್ಲಬ್ಬಿನವರು ಗುಜರಿಗೆ ಹಾಕಿದ್ದನ್ನು ತಂದಿಟ್ಟುಕೊಂಡು, ತಾನೆಲ್ಲಿ ತಪ್ಪಿದೆನೆಂದು ಹನ್ನೊಂದು ತಿಂಗಳು ಬಿಚ್ಚಿ ಬಿಚ್ಚಿ ನೋಡಿದ್ದಾರೆ. ಒಳಗೆ ಒಂದು ತಂತಿಯ ಹೊದಿಕೆ ಸುಟ್ಟು ಕರೆಂಟು ಆಂಪಿನ ತಗಡಿಗೆ, ಅಲ್ಲಿಂದ ನಿನ್ನ ಗಿಟಾರಿನ ತಂತಿಗೆ ಇಳಿದಿತ್ತಂತೆ. ಅರ್ತಿಂಗ್ ಇದ್ದಿದ್ದರೆ ಫ್ಯೂಸು ಹಾರಿ, ನಾವು ಬೈದುಕೊಂಡು ಮನೆಗೆ ಹೋಗುತ್ತಿದ್ದೆವು. ಅದನ್ನೆಲ್ಲ ಅವರು ಸರಿಮಾಡಿದ್ದಾರೆ. ಪ್ಲಗ್ಗನ್ನು ಮಾತ್ರ ಎರಡು ಪಿನ್ನಿನಲ್ಲೇ ಬಿಟ್ಟಿದ್ದರು, ತಮಗೆ ತಾವೇ ಕೊಟ್ಟುಕೊಂಡ ಶಿಕ್ಷೆಯಂತೆ.

ಸ್ಕ್ರೂಡ್ರೈವರನ್ನು ನನ್ನ ಮುಂದೆ ಚಾಚಿ, “ತೆಗೆದವರೇ ಹಾಕಬೇಕು ಅಂತ ಬರೆದಿದೀಯಲ್ಲ. ಹಾಕು” ಎಂದರು. ಆದ್ದರಿಂದ ಲಕೋಟೆಯಲ್ಲಿ ಪಿನ್ನು ಹುಡುಕಬೇಡ. ಸ್ಕ್ರೂ ಎರಡು ಸಲ ಕೈಜಾರಿ ಬಿತ್ತು. ಅವರು ಸಹಾಯ ಮಾಡಲಿಲ್ಲ. ಮುಗಿದ ಮೇಲೆ ಎಳೆದು ನೋಡಿದರು, ಸ್ವಿಚ್ಚು ಹಾಕಿದರು, ಎಲ್ಲ ಕಡೆ ಟೆಸ್ಟರ್ ಇಟ್ಟು ನೋಡಿದರು, ಒಂದು ಹಳೆಯ ಗಿಟಾರನ್ನು ಸಿಕ್ಕಿಸಿ ನನ್ನ ಮುಂದೆ ಹಿಡಿದರು. “ಮುಟ್ಟು” ಎಂದರು. ನಾನು ಹಿಂದೆ ಸರಿದೆ. “ನಾನು ನೋಡಿದೀನಿ ಕಣೇ. ಅವತ್ತು ನಾನು ನಿನ್ನ ಮಾತು ನಂಬಿದೆ. ಇವತ್ತು ನೀನು ನನ್ನ ಮಾತು ನಂಬಬೇಕು. ಮುಟ್ಟು.”

ಅಷ್ಟು ಹೆದರಿದ್ದು ಜನ್ಮದಲ್ಲಿಲ್ಲ. ಬೆರಳು ತಂತಿಯ ಮೇಲೆ ಇಟ್ಟಾಗ ಕಣ್ಣು ಮುಚ್ಚಿದ್ದೆ. ತಂತಿ ತಣ್ಣಗಿತ್ತು, ಅಷ್ಟೇ.

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾಳೆ ತಂತಿ ಕೆಲಸಕ್ಕೆ ಮಾತ್ರ ಬರುತ್ತಾರಂತೆ. ಹಾಡುವ ಮೊದಲು ಸಭಾಂಗಣದ ದೀಪಗಳೆಲ್ಲ ಉರಿಯುತ್ತಿರುವಾಗಲೇ ನಾನು ಎಲ್ಲರಿಗೂ ಇದನ್ನು ಹೇಳುತ್ತೇನೆ. ಸ್ಟುಡಿಯೋದ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು ಫೋನ್ ಇಟ್ಟುಬಿಟ್ಟಳು. ಆಮೇಲೆ ಯಾರು ಕೂತಿರುತ್ತಾರೋ, ಯಾರು ಎದ್ದು ಹೋಗುತ್ತಾರೋ ಗೊತ್ತಿಲ್ಲ. ಅಂಚೆಗೆ ಹಾಕಿದರೆ ತಡವಾಗುತ್ತದೆಂದು ಈ ಪತ್ರವನ್ನು ನಿನ್ನ ಮನೆಯ ಬಾಗಿಲಲ್ಲಿ ನಾನೇ ತಂದಿಡುತ್ತಿದ್ದೇನೆ. ವೇದಿಕೆಯ ಮೇಲೆ ನಿನ್ನ ಆಂಪು ಇರುತ್ತದೆ. ನೀನು ಬರದಿದ್ದರೂ ಅದು ಆನ್ ಆಗಿಯೇ ಇರುತ್ತದೆ, ಮೂರೂ ಪಿನ್ನಿನ ಮೇಲೆ.

ಪಿನ್ನು ಹಾಕಿದ ಮೇಲೆ ಅದು ಮತ್ತೆ ಗುಂಯ್ ಎನ್ನುತ್ತಿದೆ, ಅಣ್ಣ. ಅ‍ದರ ಜೊತೆಗೇ ಹಾಡುತ್ತೇನೆ.